ಸೂರ್ಯಕಾಂತಿಯ ಕಳೆ ಕೀಳೋರು ಯಾವ ಕಾಯ್ದೆಗೂ ಕಾಣಲ್ಲ

2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾ ತೆಗೆದು ವಿಬಿ-ಜಿ ರಾಮ್ ಜಿ ಕಾಯ್ದೆ ತಂದಾಗ ನಮ್ಮ ಗಲಾಟೆಯೆಲ್ಲ ಎರಡೇ ವಿಷಯದ ಮೇಲೆ ನಡೀತು: ಗಾಂಧೀಜಿ ಹೆಸರು ಯಾಕೆ ಹೋಯ್ತು, ರಾಜ್ಯಗಳು ಶೇ 40ರಷ್ಟು ದುಡ್ಡು ಎಲ್ಲಿಂದ ತರಬೇಕು. ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಬಿತ್ತನೆ, ಕೊಯ್ಲಿನ ಕಾಲದಲ್ಲಿ ವರ್ಷಕ್ಕೆ ಒಟ್ಟು 60 ದಿನ ಕೆಲಸ ಕೊಡಬಾರದು ಅನ್ನೋ ಕಲಮು ಅದರಲ್ಲಿದೆ. ಅದರ ಬಿಸಿ ಯಾರಿಗೆ ತಟ್ಟುತ್ತೆ ಅಂತ ತಿಳಿಯೋಕೆ ಹನೂರಿನಿಂದ ರಾಮಾಪುರಕ್ಕೆ ಹೋಗೋ ದಾರಿಯ ಅಜ್ಜೀಪುರದಂಥ ಊರುಗಳ ಹೊಲ ನೋಡಬೇಕು. ಅದರಲ್ಲೂ ಕಳೆ ಕೀಳೋ ಹೊತ್ತಿನಲ್ಲಿ.

ಚಾಮರಾಜನಗರ ಜಿಲ್ಲೆಯ ಸೂರ್ಯಕಾಂತಿ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ಗುಂಡ್ಲುಪೇಟೆ ರಸ್ತೆಯ ಸೆಲ್ಫಿ. ಆ ಹೂವಿಗೆ ಮುಂಚೆ ಒಂದೂವರೆ ತಿಂಗಳ ಪಾಡಿದೆ. ಸಾಲಿಂದ ಸಾಲಿಗೆ 60 ಸೆಂ.ಮೀ. ಅಂತರ; ಗಿಡ ಎದ್ದು ನೆಲ ಮುಚ್ಚೋವರೆಗೆ ಆ ಜಾಗವೆಲ್ಲ ಕಳೆಯದ್ದೇ. ಮೊದಲ ಆರು ವಾರ ಬಿಟ್ಟರೆ ಇಳುವರಿ ಹೋಯ್ತು. ಎಡೆಕುಂಟೆ ಹೊಡೆದರೆ ಸಾಲಿನ ನಡುವಿನದ್ದು ಹೋಗುತ್ತೆ, ಬುಡದ್ದು ಹೋಗಲ್ಲ. ಅದನ್ನ ಕುಡ್ಲು ಹಿಡಿದು, ಕುಕ್ಕರಗಾಲಲ್ಲಿ ಕೂತು ಕೀಳಬೇಕು. ಬಿತ್ತಿದ 20-25ನೇ ದಿನಕ್ಕೊಮ್ಮೆ, 35-40ಕ್ಕೆ ಇನ್ನೊಮ್ಮೆ. ಕೀಳೋರು ಹೆಣ್ಣಾಳುಗಳು. ಕೂಲಿ ಗಂಡಾಳಿಗಿಂತ ಕಮ್ಮಿ.

ಔಷಧಿ ಹೊಡೆದರೆ ಆಗಲ್ವಾ? ಪೇಟೆಯ ಗೆಳೆಯರು ಇದನ್ನೇ ಕೇಳ್ತಾರೆ. ಪೆಂಡಿಮೆಥಾಲಿನ್ ಇದೆ, ಆದರೆ ಬಿತ್ತಿದ ಎರಡು ಮೂರು ದಿನದೊಳಗೆ, ನೆಲ ಹಸಿ ಇದ್ದಾಗಲೇ ಹೊಡೀಬೇಕು. ಮಳೆ ನಂಬಿದ ಹೊಲದಲ್ಲಿ ಆ ಹದ ಪ್ರತಿ ವರ್ಷ ಸಿಗಲ್ಲ. ಸಿಕ್ಕರೂ ಗೆಡ್ಡೆಯಿಂದ ಚಿಗುರೋ ಕೊನ್ನಾರಿ ಅದಕ್ಕೆ ಜಗ್ಗಲ್ಲ. ಮೊದಲು ಬಳಸ್ತಿದ್ದ ಅಲಾಕ್ಲೋರ್ 2020ರ ಕೊನೆಗೆ ನಿಷೇಧವಾಯ್ತು. ಕಳೆ ಹುಟ್ಟಿದ ಮೇಲೆ ಹೊಡೆಯೋಣ ಅಂದರೆ ಇನ್ನೂ ಕಷ್ಟ: ಅಗಲ ಎಲೆಯ ಕಳೆ ಕೊಲ್ಲೋ ಔಷಧಿ ಸೂರ್ಯಕಾಂತಿಯನ್ನೂ ಬಿಡಲ್ಲ, ಅದೂ ಅಗಲ ಎಲೆಯದ್ದೇ. ಕಾಂಗ್ರೆಸ್ ಗಿಡವಂತೂ ಅದೇ ಕುಟುಂಬದ್ದು (ಹೆಸರಿನ ಮೇಲೆ ಜೋಕು ಬೇಡ, ಎಲ್ಲ ಪಕ್ಷದವರ ಹೊಲದಲ್ಲೂ ಬೆಳೆಯುತ್ತೆ). ಪಕ್ಕದ ಮುಸುಕಿನ ಜೋಳಕ್ಕೆ ಹೊಡೆದ 2,4-ಡಿ ಗಾಳೀಲಿ ತೇಲಿ ಬಂದರೂ ಸಾಕು, ಸೂರ್ಯಕಾಂತಿ ಸೊಟ್ಟಗಾಗುತ್ತೆ. ಉಕ್ರೇನ್, ರಷ್ಯಾದ ದೊಡ್ಡ ಹೊಲಗಳಲ್ಲಿ ಕಳೆನಾಶಕ ತಡೆಯೋ ತಳಿಗಳನ್ನ ಬಿತ್ತಿ ಈ ತೊಂದರೆ ದಾಟಿದ್ದಾರೆ. ಇಲ್ಲಿ ಕೈಯೇ ಗತಿ. ಆ ಕೈಗಳಿಗೆ ಕಳೆಯೆಲ್ಲ ಕಸವೂ ಅಲ್ಲ. ಅಣ್ಣೆಸೊಪ್ಪು ಮಡಿಲು ತುಂಬಿಕೊಂಡು ಹೋದರೆ ಸಂಜೆಗೆ ಬೆರಕೆ ಸೊಪ್ಪಿನ ಸಾರು.

ಹಾಗಾದರೆ ಸರ್ಕಾರ ಈ ಕೆಲಸವನ್ನ ಹೇಗೆ ನೋಡಿದೆ? ನರೇಗಾದ ಮೊದಲ ಅನುಸೂಚಿಯಲ್ಲೇ ಉತ್ತರ ಇತ್ತು: ಹುಲ್ಲು ತೆಗೆಯೋದು, ಬೇಸಾಯದ ಕೆಲಸ ಇವೆಲ್ಲ ಅಳತೆಗೆ ಸಿಗದ, ಮತ್ತೆ ಮತ್ತೆ ಮಾಡೋ ಕೆಲಸ, ಆದ್ದರಿಂದ ಯೋಜನೆಯಲ್ಲಿ ತೆಗೆದುಕೊಳ್ಳೋ ಹಾಗಿಲ್ಲ. ಗುಂಡಿಗೆ ಅಳತೆ ಇದೆ, ಬಗ್ಗಿದ ಬೆನ್ನಿಗಿಲ್ಲ. ಆದರೂ ನರೇಗಾ ಒಂದು ಉಪಕಾರ ಮಾಡಿತ್ತು. 2025-26ರಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿ, ಹೆಣ್ಣಿಗೂ ಗಂಡಿಗೂ ಒಂದೇ. ಆ ದಾರಿ ತೆರೆದಿದ್ದರೆ ಹೊಲದ ಯಜಮಾನನಿಗೆ 'ಇಷ್ಟಕ್ಕೆ ಬರಲ್ಲ ಕಣಣ್ಣ' ಅನ್ನಬಹುದು. 60 ದಿನದ ಕಲಮು ಮುಚ್ಚೋದು ಆ ದಾರಿಯನ್ನೇ. ಆಳು ಸಿಗ್ತಿಲ್ಲ ಅನ್ನೋದು ಅದಕ್ಕೆ ಕೊಡೋ ಸಮರ್ಥನೆ. ನನ್ನ ಪ್ರಕಾರ ಸಿಗದೇ ಇರೋದು ಕಮ್ಮಿ ಕೂಲಿಯ ಆಳು.

ಹಾಗಂತ ರೈತನನ್ನ ಖಳನಾಯಕ ಮಾಡೋದು ಸುಲಭದ ರಾಜಕೀಯ. ಎರಡು ಎಕರೆಯವನಿಗೆ ಎರಡು ಸಲ ಕಳೆ ತೆಗೆಸೋದು ನಿಜಕ್ಕೂ ಭಾರ. 2025-26ಕ್ಕೆ ಸೂರ್ಯಕಾಂತಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 7,721 ರೂಪಾಯಿ ಅಂತ ಕೇಂದ್ರ ಘೋಷಿಸಿತು. ಖರೀದಿ ಕೇಂದ್ರ ಹೊತ್ತಿಗೆ ತೆರೆಯದಿದ್ದರೆ ಅದು ಬರೀ ಅಂಕಿ. ಅದೇ 2025ರ ಮೇ ಕೊನೆಗೆ, ಏಪ್ರಿಲ್-ಮೇ ಮಳೆಗೆ ಬಿತ್ತಿದ ಹೊಲಗಳಲ್ಲಿ ಕಳೆ ಕೀಳ್ತಾ ಇದ್ದ ಹೊತ್ತಲ್ಲೇ, ಕಚ್ಚಾ ಸೂರ್ಯಕಾಂತಿ ಎಣ್ಣೆಯ ಮೂಲ ಆಮದು ಸುಂಕವನ್ನ ಶೇ 20ರಿಂದ 10ಕ್ಕೆ ಇಳಿಸಿದರು. ಎಣ್ಣೆಕಾಳಿನಲ್ಲಿ ಸ್ವಾವಲಂಬನೆಗೆ ಅಂತ 10,103 ಕೋಟಿಯ ಮಿಷನ್‌ಗೆ ಒಪ್ಪಿಗೆ ಕೊಟ್ಟಿದ್ದೂ ಇದೇ ಸರ್ಕಾರ, 2024ರ ಅಕ್ಟೋಬರ್‌ನಲ್ಲಿ. ಗೊಬ್ಬರದ ಅಂಗಡಿಯಲ್ಲಿ ಚೌಕಾಸಿ ನಡೆಯಲ್ಲ, ಸುಂಕ ರೈತನ ಕೈಲಿಲ್ಲ. ಅವನು ಎಳೆದಾಡಬಹುದಾದ್ದು ಹೆಣ್ಣಾಳಿನ ಕೂಲಿಯೊಂದನ್ನೇ. ದೆಹಲಿಯಲ್ಲಿ ಶುರುವಾದ ನಷ್ಟ ಕೊನೆಗೆ ಇಳಿಯೋದು ಅಲ್ಲಿಗೆ.

ರಾಜ್ಯ ಸರ್ಕಾರ ಕಾಯ್ದೆಯನ್ನ ವಿರೋಧಿಸಿದೆ, ಸರಿ. ಆದರೆ ಆ 60 ದಿನ ಯಾವುದು ಅಂತ ಅಧಿಸೂಚನೆ ಹೊರಡಿಸಬೇಕಾದ್ದೂ ರಾಜ್ಯವೇ. ಜೂನ್ ತಿಂಗಳನ್ನ ಅದಕ್ಕೆ ಸೇರಿಸ್ತೀರಾ ಅಂತ ನಾವು ಈಗಲೇ ಕೇಳಬೇಕು. ಸಣ್ಣ ಹಿಡುವಳಿದಾರರ ಹೊಲದ ಕಳೆಗೆ ಕೂಲಿಯ ಒಂದು ಪಾಲನ್ನ ಸರ್ಕಾರ ಯಾಕೆ ಕಟ್ಟಬಾರದು ಅಂತಲೂ ಕೇಳಬೇಕು. ಕಳೆನಾಶಕದ ಪ್ರಯೋಗಕ್ಕೆ ಖರ್ಚು ಮಾಡೋರು ಇದಕ್ಕೂ ಒಂದು ಲೆಕ್ಕ ಹಾಕಲಿ. ಅಜ್ಜೀಪುರದ ಕಡೆ ಗ್ರಾಮಸಭೆಗೆ ಕುರ್ಚಿ ಹಾಕೋ ಮುಂಚೆ, ಅವತ್ತು ಹೆಣ್ಣಾಳುಗಳು ಹೊಲದಲ್ಲಿರೋ ದಿನವಾ ಅಂತಲೂ ಒಮ್ಮೆ ವಿಚಾರಿಸಿಕೊಂಡರೆ ಒಳ್ಳೇದು.