ಬೇರಿಂಗ್ ಸಂಖ್ಯೆಯನ್ನು ಮುಚ್ಚಿಡುವುದೇಕೆ?

1996ರಲ್ಲಿ ಮಾರುಕಟ್ಟೆಗೆ ಬಂದ ಪೋರ್ಷೆ ಬಾಕ್ಸ್‌ಸ್ಟರ್ ಸ್ಪೋರ್ಟ್ಸ್ ಕಾರಿನ ಎಂಜಿನ್ನಿನೊಳಗೆ, ಕ್ಯಾಮ್ ಶಾಫ್ಟುಗಳಿಗೆ ಚಲನೆ ಸಾಗಿಸುವ ಮಧ್ಯಂತರ ಶಾಫ್ಟೊಂದಿದೆ. ಅದರ ತುದಿಯಲ್ಲಿರುವುದು ಗ್ರೀಸ್ ತುಂಬಿ ಸೀಲ್ ಮಾಡಿದ ಒಂದು ಬಾಲ್ ಬೇರಿಂಗ್. ಅದು ಪುಡಿಯಾದರೆ ಇಡೀ ಎಂಜಿನ್ನೇ ಹಾಳು. ಆದರೂ ಕಂಪನಿಯು ಅದನ್ನು ಬಿಡಿಭಾಗವಾಗಿ ಮಾರಲಿಲ್ಲ.

ಆ ಕೊರತೆಯನ್ನು ತುಂಬಿದ್ದು ಅಮೆರಿಕದ ಇಲಿನಾಯ್ಸ್ ರಾಜ್ಯದ ಎಲ್‌ಎನ್ ಎಂಜಿನಿಯರಿಂಗ್ ಎಂಬ ಸಣ್ಣ ಸಂಸ್ಥೆ. ಬದಲಿ ಬೇರಿಂಗಿನೊಡನೆ ಅದನ್ನು ಎಳೆದು ತೆಗೆಯುವ ಪುಲ್ಲರನ್ನೂ ಅದು ತಯಾರಿಸಿತು. ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಇಳಿಸಿ, ಕ್ರ್ಯಾಂಕನ್ನು ಪಿನ್ನಿನಿಂದ ಬಂಧಿಸಿ, ಸರಪಳಿಯ ಬಿಗಿತ ಸಡಿಲಿಸಿ, ಎಷ್ಟೋ ಮಾಲೀಕರು ಮನೆಯ ಶೆಡ್ಡಿನಲ್ಲಿಯೇ ಬೇರಿಂಗ್ ಬದಲಿಸಿದರು. ಸರಪಳಿ ಒಂದು ಹಲ್ಲು ಜಾರಿದರೂ ಅನಾಹುತವೇ. ಇದು ಅವಸರದವರ ಕೆಲಸವಲ್ಲ. ನಂತರದ ಎಂಜಿನ್ನುಗಳ ದೊಡ್ಡ ಬೇರಿಂಗ್ ಕ್ರ್ಯಾಂಕ್‌ಕೇಸ್ ಬಿಚ್ಚದೆ ಹೊರಬರುವುದೇ ಇಲ್ಲ.

ಸ್ವತಂತ್ರ ಗ್ಯಾರೇಜುಗಳಿಗೆ ಬಿಡಿಭಾಗ ಹಾಗೂ ತಾಂತ್ರಿಕ ಮಾಹಿತಿ ದೊರೆಯದಂತೆ ಮಾಡಿದ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗವು 2014ರಲ್ಲಿ 14 ಕಾರು ಕಂಪನಿಗಳಿಗೆ ದಂಡ ವಿಧಿಸಿತು. ಆ ಆದೇಶವನ್ನು ಮೆಚ್ಚುವ ನಮ್ಮಲ್ಲಿಯೇ ಕೆಲವರು, ತಾವು ತಯಾರಿಸುವ ಪಂಪು, ಮೋಟಾರುಗಳ ಬೇರಿಂಗ್ ಸಂಖ್ಯೆಯನ್ನು ಉಜ್ಜಿ ಅಳಿಸಿ ಮಾರುವುದುಂಟು. ಮಾನ್ಯ ಸದಸ್ಯರು ಮುಂದಿನ ಕ್ಯಾಟಲಾಗಿನಲ್ಲಿ ಆ ಸಂಖ್ಯೆಯನ್ನು ಮುದ್ರಿಸಲಿ. ಸಾಧ್ಯವಾದರೆ ಪುಲ್ಲರನ್ನೂ ತಾವೇ ಮಾರಲಿ.