ಬತ್ತಿದ ಒಡಲಿಗೂ ಕೋಡಿ ಬೀಳುವ ದಿನವುಂಟು



ಬರ ಎಂಬ ಮಾತಿನ ಅರ್ಥವನ್ನು ಚಿತ್ರದುರ್ಗ ಸೀಮೆಯವರಿಗೆ ಯಾರೂ ನಿಘಂಟು ನೋಡಿ ಹೇಳಿಕೊಡಬೇಕಾಗಿಲ್ಲ. ಹಿರಿಯೂರಿನಲ್ಲಿ ನೂರಾರು ಅಡಿ ಕೊರೆಯಿಸಿದ ಕೊಳವೆಬಾವಿಯಿಂದ ಬರಿಯ ಧೂಳು ಮೇಲೆದ್ದುದನ್ನೂ, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಮಕ್ಕಳಂತೆ ಸಾಕಿದ ತೆಂಗು, ಅಡಿಕೆ ಮರಗಳ ಸುಳಿ ನಿಂತಲ್ಲಿಯೇ ಒಣಗಿದುದನ್ನೂ ಇಲ್ಲಿಯ ಜನ ಕಂಡಿದ್ದಾರೆ. ಮಳೆಯ ಬರದ ಹಿಂದೆ ಸಾಲ, ಸಾಲದ ಹಿಂದೆ ಕಾಯಿಲೆ, ಕಾಯಿಲೆಯ ಹಿಂದೆ ಮನೆಯೊಳಗಿನ ಮೌನ. ಹೀಗೆ ಕಷ್ಟಗಳು ಸಾಲುಗಟ್ಟಿ ಬರುತ್ತವೆ. ಆಗ ಭಕ್ತರ ಮನದಲ್ಲಿ ಏಳುವ ಪ್ರಶ್ನೆ ಒಂದೇ: ನಾವೇನು ಪಾಪ ಮಾಡಿದೆವೆಂದು ದೇವರು ನಮ್ಮನ್ನು ಹೀಗೆ ಶಿಕ್ಷಿಸುತ್ತಿದ್ದಾರೆ?

ಈ ಪ್ರಶ್ನೆ ಹೊಸದಲ್ಲ. ಹುಟ್ಟುಕುರುಡನೊಬ್ಬನನ್ನು ತೋರಿಸಿ ಶಿಷ್ಯರು ಯೇಸುಸ್ವಾಮಿಯನ್ನು ಕೇಳಿದುದೂ ಇದನ್ನೇ. ಅದು ಆತನ ಪಾಪವೂ ಅಲ್ಲ, ಹೆತ್ತವರ ಪಾಪವೂ ಅಲ್ಲವೆಂದು ಸ್ವಾಮಿ ಆ ಲೆಕ್ಕಾಚಾರವನ್ನೇ ತಳ್ಳಿಹಾಕಿದರೆಂದು ಸಂತ ಯೊವಾನ್ನರ ಶುಭಸಂದೇಶದ 9ನೆಯ ಅಧ್ಯಾಯವು ತಿಳಿಸುತ್ತದೆ.

ಇದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ನಿದರ್ಶನವುಂಟು. ಇಲ್ಲಿಯ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಅಂತಹ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುಗಟ್ಟುತ್ತದೆ, ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಕುದಿಸಿದರೂ ಆ ದೋಷ ಹೋಗದು. ಅದರ ಮೂಲವಿರುವುದು ನೆಲದಾಳದ ಕಲ್ಲಿನಲ್ಲಿಯೇ ಹೊರತು ಕುಡಿದವರ ಕರ್ಮದಲ್ಲಲ್ಲ. ಬಾಗಿದ ಬೆನ್ನಿನ ಮುದುಕಿಯನ್ನು ಶಾಪಗ್ರಸ್ತಳೆಂದು ಕರೆಯುವ ನಾಲಿಗೆಗಿಂತ, ಆಕೆಯ ಮನೆಗೆ ಒಂದು ಕೊಡ ಶುದ್ಧ ನೀರು ಹೊತ್ತು ತರುವ ಕೈ ದೇವರಿಗೆ ಹತ್ತಿರವಾದುದು.

ಹಾಗಾದರೆ ಕಷ್ಟಕಾಲದಲ್ಲಿ ವಿಶ್ವಾಸದಿಂದ ಆಗುವ ಪ್ರಯೋಜನವಾದರೂ ಏನು? ಉತ್ತರಕ್ಕಾಗಿ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರದ ಕಡೆಗೆ ಕಣ್ಣು ಹಾಯಿಸೋಣ. ವೇದಾವತಿ ನದಿಗೆ ಅಡ್ಡಲಾಗಿ 1898ರಲ್ಲಿ ಆರಂಭಗೊಂಡ ಈ ಕಟ್ಟೆ 1907ರಲ್ಲಿ ಪೂರ್ಣಗೊಂಡಿತು. 130 ಅಡಿಯ ಗರಿಷ್ಠ ಮಟ್ಟವನ್ನು ಮುಟ್ಟಿ ಅದು ಕೋಡಿ ಬಿದ್ದುದು 1933ರಲ್ಲಿ. ಮತ್ತೊಮ್ಮೆ ಕೋಡಿ ಬೀಳಲು 2022ರವರೆಗೆ, ಎಂದರೆ 89 ವರ್ಷ ಕಾಯಬೇಕಾಯಿತು. ಕೋಡಿಯನ್ನು ಕಾಣದೆಯೇ ಎಷ್ಟೋ ಮಂದಿ ಹಿರಿಯರು ಕಣ್ಣು ಮುಚ್ಚಿದರು. ಆದರೂ ನೀರಿಲ್ಲವೆಂದು ಕಟ್ಟೆಯನ್ನು ಯಾರೂ ಕೆಡವಲಿಲ್ಲ. ಕಟ್ಟೆ ನಿಂತಿದ್ದುದರಿಂದಲೇ ನೀರು ಬಂದಾಗ ನಿಲ್ಲಲು ಎಡೆಯಿತ್ತು. 2025ರ ಜನವರಿಯಲ್ಲಿ ಅದು ಮತ್ತೆ ಕೋಡಿ ಹರಿಯಿತು.

ವಿಶ್ವಾಸವೂ ಇಂತಹ ಕಟ್ಟೆಯೇ. ಅದು ಮಳೆ ತರಿಸುವ ಯಂತ್ರವಲ್ಲ. ಕೃಪೆಯ ನೀರು ಹರಿದು ಬಂದಾಗ ಹಿಡಿದಿಡುವ ಒಡ್ಡು. ಬತ್ತಿದ ದಿನಗಳಲ್ಲಿ ಸಂಜೆಯ ಜಪಸರವನ್ನೂ ಭಾನುವಾರದ ಬಲಿಪೂಜೆಯನ್ನೂ ಬಿಡದವರು ಆ ಒಡ್ಡನ್ನು ಕಾಯುವವರು. ಇನ್ನೊಂದು ಮಾತನ್ನೂ ಮರೆಯಲಾಗದು. ಸಾಗರ ತುಂಬಿದುದು ಆಕಾಶದ ಮಳೆಯೊಂದರಿಂದಲೇ ಅಲ್ಲ. ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ ಬೇರೊಂದು ನದಿಯ ನೀರೂ ಅದಕ್ಕೆ ಹರಿದು ಬಂದಿತು. ದೇವರು ನಮ್ಮ ಬರಿದಾದ ಬಾಳನ್ನು ತುಂಬಿಸುವುದು ಹಲವು ಸಲ ನೆರೆಯವರ ಕೈಯಿಂದ.

ಆದುದರಿಂದ ನಮ್ಮ ಕುಟುಂಬಗಳಲ್ಲಿ ಮೂರು ರೂಢಿಗಳು ಬದಲಾಗಬೇಕೆಂಬುದು ಈ ಲೇಖಕನ ನಮ್ರ ಅಭಿಪ್ರಾಯ.

ಮೊದಲನೆಯದು, ಪ್ರಾರ್ಥನೆಯ ಹೆಸರಿನಲ್ಲಿ ಮಾತ್ರೆ ನಿಲ್ಲಿಸುವುದು. ವೈದ್ಯನನ್ನು ಗೌರವಿಸಬೇಕು, ಔಷಧವೂ ದೇವರ ಸೃಷ್ಟಿಯೇ ಎಂದು ಸಿರಾಖ ಗ್ರಂಥದ 38ನೆಯ ಅಧ್ಯಾಯವು ಸ್ಪಷ್ಟವಾಗಿ ಬೋಧಿಸುತ್ತದೆ. ಸಕ್ಕರೆ ಕಾಯಿಲೆಯವರೋ ಕ್ಷಯರೋಗಿಯೋ ಔಷಧ ಬಿಟ್ಟರೆ ಅದು ವಿಶ್ವಾಸವೆನಿಸದು. ದೇವರನ್ನು ಪರೀಕ್ಷೆಗೆ ಒಡ್ಡಿದಂತಾಗುತ್ತದೆ.

ಎರಡನೆಯದು, ರೋಗಿಗಳ ತೈಲಲೇಪನ ಸಂಸ್ಕಾರವನ್ನು ಕೊನೆಯುಸಿರಿನ ಗಳಿಗೆಗೆ ಮೀಸಲಿಡುವುದು. ಗುರುಗಳು ಮನೆಗೆ ಬಂದರೆ ರೋಗಿ ಹೆದರಿಯಾರು ಎಂದು ಅಂಜುವವರು ಇಂದಿಗೂ ಉಂಟು. ಈ ಸಂಸ್ಕಾರ ಸಾವಿನ ಅಂಚಿನಲ್ಲಿರುವವರಿಗೆ ಮಾತ್ರವಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಸಾರಿತು. ತೀವ್ರ ಕಾಯಿಲೆ ಬಿದ್ದಾಗ, ದೊಡ್ಡ ಶಸ್ತ್ರಚಿಕಿತ್ಸೆಗೆ ಮುನ್ನ, ಮುಪ್ಪಿನಿಂದ ದೇಹ ಕುಗ್ಗಿದಾಗ ಅದನ್ನು ಕೇಳಿ ಪಡೆಯಬಹುದು. 1993ರಿಂದ ಪ್ರತಿ ಫೆಬ್ರವರಿ 11ರಂದು, ಲೂರ್ದು ಮಾತೆಯ ಸ್ಮರಣೆಯ ದಿನ, ಧರ್ಮಸಭೆಯು ವಿಶ್ವ ರೋಗಿಗಳ ದಿನವನ್ನು ಆಚರಿಸುತ್ತಿದೆ. ಅಂದು ನಮ್ಮ ಬೀದಿಯ ರೋಗಿಯೊಬ್ಬರನ್ನಾದರೂ ಕಂಡು ಬಂದರೆ ಆ ಆಚರಣೆ ಸಾರ್ಥಕವಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿಯಾದ ಮೌನ. ಸಾಲದ ಭಾರವನ್ನು ಹೆಂಡತಿಯಿಂದಲೂ, ಮನದ ಬೇಗುದಿಯನ್ನು ಧರ್ಮಕೇಂದ್ರದಿಂದಲೂ ಮರೆಮಾಡಿ ಒಳಗೊಳಗೇ ಬೆಂದವರು ಎಷ್ಟೋ ಮಂದಿ. ಯೋಬನ ಗೆಳೆಯರು ಏಳು ದಿನ ಅವನ ಬಳಿ ಮಾತಿಲ್ಲದೆ ಕುಳಿತಿದ್ದರು. ಅಷ್ಟು ಕಾಲ ಅವರು ನಿಜವಾದ ಗೆಳೆಯರಾಗಿದ್ದರು. ಕಾರಣ ವಿವರಿಸಲು ತೊಡಗಿದಾಗಲೇ ಅವರು ತಪ್ಪಿದರು. ನಾವೂ ಉಪದೇಶಕ್ಕೆ ಮುಂಚೆ ಪಕ್ಕದಲ್ಲಿ ಕುಳಿತು ಕೇಳುವುದನ್ನು ಕಲಿಯಬೇಕು. ಮನಸ್ಸು ಕತ್ತಲಾದವರು 14416 ಸಂಖ್ಯೆಗೆ ಕರೆ ಮಾಡಿದರೆ ಸರಕಾರದ ಟೆಲಿ ಮಾನಸ್ ಸೇವೆಯಲ್ಲಿ ಉಚಿತ ಸಲಹೆ ದೊರೆಯುತ್ತದೆ. ಅಲ್ಲಿ ನೆರವು ಕೇಳುವುದು ನಾಚಿಕೆಯೂ ಅಲ್ಲ, ವಿಶ್ವಾಸದ ಕೊರತೆಯೂ ಅಲ್ಲ.

ಗುಣವಾಗುವುದೆಂದರೆ ಎಲ್ಲವೂ ಮೊದಲಿನಂತಾಗುವುದೆಂದಲ್ಲ. ಒಣಗಿದ ತೋಟ ಒಂದೇ ಮಳೆಗೆ ಫಲ ಕೊಡದು. ಅಗಲಿದವರು ಊಟದ ಪಂಕ್ತಿಗೆ ಮರಳರು. ಪುನರುತ್ಥಾನರಾದ ಪ್ರಭುವಿನ ಕೈಗಳಲ್ಲಿಯೂ ಮೊಳೆಯ ಗುರುತು ಉಳಿದಿತ್ತು. ಆ ಗಾಯವನ್ನು ಮುಟ್ಟಿ ನೋಡೆಂದು ಅವರು ತೋಮನನ್ನು ಕರೆದರು. ಆ ಗುರುತೇ ಸಂಶಯಪಟ್ಟವನಿಗೆ ವಿಶ್ವಾಸದ ಬಾಗಿಲಾಯಿತು. ನಮ್ಮ ನೋವಿನ ಗುರುತುಗಳೂ ನೊಂದ ಇನ್ನೊಬ್ಬರಿಗೆ ಅಂತಹ ಬಾಗಿಲಾಗಲಿ. ಈ ವಾರ ಬಲಿಪೂಜೆ ಮುಗಿದ ಬಳಿಕ ನೇರವಾಗಿ ಮನೆಗೆ ಹೋಗದೆ, ಕೆಲವು ವಾರಗಳಿಂದ ದೇವಾಲಯದಲ್ಲಿ ಕಾಣಿಸದ ಕುಟುಂಬವೊಂದರ ಕದ ತಟ್ಟೋಣ.