ಸನ್ಮಾನದ ಶಾಲು ಮತ್ತು ಕೆರೆಯ ಹೂಳು

ಸಂಘವೊಂದನ್ನು ಸ್ಥಾಪಿಸುವುದು ಸುಲಭ, ಬಾಳಿಸುವುದು ಕಷ್ಟ. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದ ಪ್ರಕಾರ 7 ಮಂದಿ ಕೂಡಿ ಸಹಿ ಮಾಡಿದರೆ ಸಂಘ ಜನ್ಮ ತಾಳುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಊರುಕೇರಿಗಳಲ್ಲಿ ಹಾಗೆ ಹುಟ್ಟಿದ ಯುವಕ ಸಂಘ, ಮಹಿಳಾ ಸಮಾಜ, ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಗಳಿಗೆ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಎಷ್ಟೋ ಸಂಘಗಳ ಪಾಲಿಗೆ ಉಳಿದಿರುವುದು ಮಾಸಿದ ಫಲಕ ಮಾತ್ರ. ಬಾಗಿಲಿಗೆ ಬೀಗವುಂಟು, ಬೀಗದ ಕೈ ಯಾರಲ್ಲಿದೆಯೆಂದು ಕೇಳಿದರೆ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ.

ಇದಕ್ಕೆ ಹಿರಿಯರು ಕೊಡುವ ಕಾರಣ ಸಿದ್ಧವಾಗಿದೆ: ತರುಣರು ಬೆಂಗಳೂರು ಸೇರಿದರು, ಉಳಿದವರ ಕೈಗೆ ಮೊಬೈಲು ಬಂತು, ಸೇವಾಭಾವ ಹೋಯಿತು. ಈ ಮಾತು ಅರ್ಧಸತ್ಯ. ಗಣೇಶೋತ್ಸವ ಬಂದರೆ ಇದೇ ತರುಣರು ಮನೆಮನೆಗೆ ಹೋಗಿ ಚಂದಾ ಎತ್ತಿ, ಚಪ್ಪರ ಹಾಕಿ, ಸಾವಿರ ಜನಕ್ಕೆ ಅನ್ನ ಬಡಿಸಿ, ವಿಸರ್ಜನೆಯವರೆಗೂ ನಿದ್ದೆಗೆಟ್ಟು ದುಡಿಯುತ್ತಾರೆ. ಕೂಡುವ ಶಕ್ತಿ ಅಳಿದಿದ್ದರೆ ಇದು ಸಾಧ್ಯವಾಗುತ್ತಿತ್ತೇ? ಅಳಿದಿರುವುದು ಹಬ್ಬದ ಮರುದಿನವೂ ಕೂಡಬೇಕೆಂಬ ಶಿಸ್ತು. ಅದನ್ನು ಕಲಿಸಬೇಕಾದವರು ಯಾರು? ತರುಣರನ್ನು ಕುರ್ಚಿ ಹೊರಲು ಕರೆದು, ಲೆಕ್ಕಪತ್ರ ನೋಡಲು ಕರೆಯದ ಹಿರಿಯರು, ತಮ್ಮ ಸಂಘ ಬರಿದಾದದ್ದಕ್ಕೆ ಅವರನ್ನೇ ದೂರುವುದು ನ್ಯಾಯವಲ್ಲ.

ಕಂಬದಹಳ್ಳಿಯ ಪಂಚಕೂಟ ಬಸದಿಯೂ ಹೊಸಹೊಳಲಿನ ಪಾರ್ಶ್ವನಾಥ ಬಸದಿಯೂ ಇರುವ ನಾಡಿದು. ಗಂಗ, ಹೊಯ್ಸಳ ಕಾಲದ ಕನ್ನಡ ದಾನಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಚಿರಪರಿಚಿತ. ಕಟ್ಟಿದ್ದು ಒಂದು ದಿನ ಬಿರುಕು ಬಿಡುವುದೆಂದು ದಾನಿಗೆ ಗೊತ್ತಿತ್ತು. ಆದುದರಿಂದ ಕಟ್ಟಡದೊಡನೆ ಅದರ ದುರಸ್ತಿಗೂ ಭೂಮಿ ಬಿಡುತ್ತಿದ್ದ. ಇಂದಿನ ಶಂಕುಸ್ಥಾಪನೆಯ ಕಲ್ಲಿನ ಮೇಲೆ ಅಧ್ಯಕ್ಷರ ಹೆಸರುಂಟು, ಗಣ್ಯರ ಹೆಸರುಂಟು. ಸೋರುವ ಚಾವಣಿಗೆ ಮುಂದೆ ಹೆಂಚು ಹೊದಿಸುವವರಾರೆಂಬ ಮಾತಿಲ್ಲ. ಸಮುದಾಯ ಭವನಗಳು ಪಾಳುಬೀಳುವುದರ ಮೂಲ ಇಲ್ಲಿದೆ.

ಕೆರೆಗಳ ಕಥೆಯೂ ಬೇರೆಯಲ್ಲ. ನಾಗಮಂಗಲದಂಥ ಬಯಲುಸೀಮೆಯ ತಾಲ್ಲೂಕಿನಲ್ಲಿ ಕೆರೆಯೇ ಊರಿನ ಉಸಿರು. ನೀರುಗಂಟಿ ತೂಬು ಕಾಯುತ್ತಿದ್ದ; ಬೇಸಿಗೆಯಲ್ಲಿ ಹೂಳೆತ್ತಿ ಗಾಡಿಗಳಲ್ಲಿ ಹೊಲಗಳಿಗೆ ಸಾಗಿಸುತ್ತಿದ್ದರು. ಕೆರೆ ಸರ್ಕಾರದ್ದಾದ ಮೇಲೆ ಅದರ ಹೊಣೆಯೂ ಸರ್ಕಾರದ್ದೆಂದು ಊರು ಕೈತೊಳೆದುಕೊಂಡಿತು. ಆದರೆ ಹಳೆಯ ವ್ಯವಸ್ಥೆಯನ್ನು ಹೊಗಳುವವರು ಅದರ ಪಾಪವನ್ನೂ ಒಪ್ಪಬೇಕು. ಅಲ್ಲಿ ಬಿಟ್ಟಿ ದುಡಿದವರು ಒಬ್ಬರು, ನೀರು ಪಡೆದವರು ಮತ್ತೊಬ್ಬರು; ಕೆಲವರಿಗೆ ಏರಿಯ ಮಣ್ಣು ಹೊರುವ ಅಧಿಕಾರವಿತ್ತೇ ಹೊರತು ಕಟ್ಟೆಯ ಮೇಲೆ ಕುಳಿತು ಮಾತಾಡುವ ಅಧಿಕಾರವಿರಲಿಲ್ಲ. ಇಂಥ ಸಹಕಾರವನ್ನು ಮರಳಿ ತರುವುದು ಪುನರ್ನಿರ್ಮಾಣವೆನಿಸದು. ಹೊಸ ಸಂಘದಲ್ಲಿ ಗುದ್ದಲಿ ಹಿಡಿದ ಕೈಯೇ ನಿರ್ಣಯಕ್ಕೂ ಸಹಿ ಹಾಕಬೇಕು.

ಇನ್ನು ಕೆಲವರು ಏಕವ್ಯಕ್ತಿ ಸಾಹಸವನ್ನು ಮುಂದಿಡುತ್ತಾರೆ. ಇದೇ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯಲ್ಲಿ ಕುರಿ ಕಾಯುತ್ತ ಕಟ್ಟೆಗಳನ್ನು ತೋಡಿದ ಕಾಮೇಗೌಡರನ್ನು 2020ರಲ್ಲಿ ದೇಶವೇ ಕೊಂಡಾಡಿತು. 2022ರಲ್ಲಿ ಅವರು ತೀರಿಕೊಂಡರು. ಅವರ ದುಡಿಮೆ ವಂದನೀಯ. ಆದರೆ ಒಬ್ಬರ ಬೆವರನ್ನು ಕೊಂಡಾಡಿ ಊರಿನ ಉಳಿದವರು ಮನೆಗೆ ಹೋಗಿ ಮಲಗುವುದಾದರೆ, ಆ ಹೊಗಳಿಕೆ ಸೋಮಾರಿತನಕ್ಕೆ ಹೊದಿಸಿದ ಶಾಲು. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ 2020ರಲ್ಲಿ 40 ವರ್ಷಗಳ ಗುತ್ತಿಗೆಗೆ ಖಾಸಗಿಯವರ ಕೈ ಸೇರಿದುದು ಇನ್ನೊಂದು ಪಾಠ. ಷೇರು ಪತ್ರವೊಂದರಿಂದಲೇ ಒಡೆತನ ಉಳಿಯುವುದಿಲ್ಲ. ಇದಕ್ಕೆ ಎದುರಾಗಿ, ಅದೇ ತಾಲ್ಲೂಕಿನ ಮೇಲುಕೋಟೆಯಲ್ಲಿ ಸುರೇಂದ್ರ ಕೌಲಗಿಯವರು 1960ರಲ್ಲಿ ಆರಂಭಿಸಿದ ಜನಪದ ಸೇವಾ ಟ್ರಸ್ಟ್ ನೂಲು, ಮಗ್ಗಗಳಂಥ ದಿನನಿತ್ಯದ ಕಾಯಕವನ್ನು ನೆಚ್ಚಿ ದಶಕಗಳನ್ನು ದಾಟಿತು. ಅಲ್ಲಿ ಸಮಾರಂಭಕ್ಕಿಂತ ಕೆಲಸ ಮುಂದಿತ್ತು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಸದಸ್ಯತ್ವದ ಶುಲ್ಕ ಹಣವಾಗದೆ ಶ್ರಮವಾಗಬೇಕು. ಸಾವಿರ ರೂಪಾಯಿ ಕೊಟ್ಟವರು ಚರಂಡಿಯ ಬಳಿ ಬರದೆ ಉಳಿದರೆ, ಬಂದವರು ಕೂಲಿಯವರಾಗುತ್ತಾರೆ. ಸಂಘ ಅಲ್ಲಿಗೆ ಮುಗಿಯಿತು. ದಿನಗೂಲಿಯವನಿಗೆ ಬಿಡುವೆಲ್ಲಿ ಎಂಬ ಆಕ್ಷೇಪ ಯುಕ್ತವಾದುದೇ. ಅವನ ಪಾಲು ಒಂದು ಗಂಟೆಯಾಗಲಿ, ಟ್ರ್ಯಾಕ್ಟರ್ ಉಳ್ಳವನ ಪಾಲು ಒಂದು ದಿನವಾಗಲಿ. ಶಕ್ತಿಗೆ ತಕ್ಕ ಹೊರೆಯೇ ಸಮಾನತೆ.

ಎರಡನೆಯದಾಗಿ, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕೆಂದು ಕಾಯಿದೆಯೇ ಹೇಳುತ್ತದೆ. ಆ ಸಭೆಯಲ್ಲಿ ಜಮಾಖರ್ಚನ್ನು ಗಟ್ಟಿಯಾಗಿ ಓದಿ, ಅಕ್ಷರ ಬಾರದ ಸದಸ್ಯೆಯೂ ಪ್ರಶ್ನಿಸುವಂತಾಗಬೇಕು. ಮೂರನೆಯದಾಗಿ, ಪದಾಧಿಕಾರ ಎರಡು ಅವಧಿಗೆ ಮುಗಿಯಬೇಕು. ಪರಿಗ್ರಹವೆಂದರೆ ಹೊನ್ನು, ಮಣ್ಣುಗಳ ಸಂಗ್ರಹವೆಂದಷ್ಟೇ ತಿಳಿದವರು, ಇಪ್ಪತ್ತು ವರ್ಷ ಬಿಡದ ಅಧ್ಯಕ್ಷ ಪೀಠವೂ ಪರಿಗ್ರಹವೆಂಬುದನ್ನು ಮರೆಯುತ್ತಾರೆ. ಲಕ್ಷ ದಾನ ಮಾಡಿದವನಿಗೂ ಕುರ್ಚಿಯ ದಾನ ಕಷ್ಟ.

ನಾಲ್ಕನೆಯದಾಗಿ, ಆರಂಭ ಚಿಕ್ಕದಾಗಿರಲಿ. ಒಂದು ತೂಬು, ಸ್ಮಶಾನದ ಒಂದು ದಾರಿ, ಸಂಜೆ ಎರಡು ಗಂಟೆ ತೆರೆದಿರುವ ಒಂದು ವಾಚನಾಲಯ ಸಾಕು. ಕೊನೆಯದಾಗಿ, ಸಂಘದ ಯಶಸ್ಸಿಗೆ ಅಳತೆಗೋಲು ಯಾವುದೆಂಬುದು ತೀರ್ಮಾನವಾಗಲಿ. ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲಾ ಪ್ರದೇಶದಲ್ಲಿ ಅದು ಎಲ್ಲರಿಗೂ ಗೊತ್ತಿರುವ ಸಂಗತಿ: ಮೇಲ್ಭಾಗದ ಗದ್ದೆಯವನು ಸಂಯಮ ತೋರಿದರಷ್ಟೇ ನಾಲೆಯ ಕೊನೆಭಾಗದ ರೈತನಿಗೆ ನೀರು. ಅಹಿಂಸೆಯ ಉಪನ್ಯಾಸ ಕೇಳಿ ಬಂದು, ಅದೇ ರಾತ್ರಿ ನಾಲೆಗೆ ಅಡ್ಡಗಟ್ಟೆ ಹಾಕಿ ನೆರೆಯವನ ಪೈರನ್ನು ಒಣಗಿಸುವವನ ವ್ರತಕ್ಕೆ ಬೆಲೆಯೇನು?

ಮುಂದಿನ ವಾರ್ಷಿಕೋತ್ಸವಕ್ಕೆ ಶಾಲು, ಹಾರಗಳನ್ನು ಕೊಳ್ಳಲು ಹೊರಟಿರುವ ಸಂಘಗಳು ಆ ಹಣದಲ್ಲಿ ಹತ್ತು ಗುದ್ದಲಿ, ಹತ್ತು ಬಾಂಡಲಿ ಕೊಂಡು ಕೆರೆಯ ಏರಿಯ ಮೇಲೆ ಇಡಲಿ. ಮೊದಲ ಗುದ್ದಲಿಯನ್ನು ಅಧ್ಯಕ್ಷರು ಎತ್ತಿಕೊಳ್ಳಲಿ. ಛಾಯಾಚಿತ್ರಗಾರ ಹೋದ ಮೇಲೂ ಕೆಳಗಿಡದಿರಲಿ. ತರುಣರು ಬರುತ್ತಾರೆಯೇ ಎಂಬ ಪ್ರಶ್ನೆಗೆ ಉತ್ತರ ಆಗ ತಾನಾಗಿ ದೊರೆಯುತ್ತದೆ.